ಟೆಸ್ಟರ್ ಮಾವನ ಹಸಿರು ಕಾರು

ನಮ್ಮಮ್ಮನ ತಮ್ಮನ್ನ ಇಡೀ ಬೀದಿ ಟೆಸ್ಟರ್ ಅಂತಾನೇ ಕರೆಯೋದು. ಬೇರೆಯೋರು ಜೇಬಿಗೆ ಪೆನ್ ಸಿಕ್ಕಿಸ್ಕೊಂಡ್ರೆ ಇವ್ನು ಟೆಸ್ಟರ್ ಸಿಕ್ಕಿಸ್ಕೋತಾನೆ, ಚೂಪು ಮೂತಿ, ಹಿಡೀಲಿ ಪುಟಾಣಿ ಬಲ್ಬು, ಇಲಿ ಬಾಲದ ಥರ ಒಂದು ವೈರು, ಮದುವೆ ಫೋಟೋಲೂ ಅದು ಇಣುಕ್ತಾ ಇದೆ ಅಂದ್ರೆ ನೋಡಿ! ಕಾರುಗಳ ವೈರಿಂಗ್ ಕೆಲ್ಸ ಅವನ್ದು. ಕೆಳಗೆ ಶಟರ್ ಎಳೆಯೋ ಶೆಡ್ಡು, ಮೇಲೆ ಒಂದೇ ಒಂದು ರೂಮು. ರೂಮಲ್ಲಿ ಎರಡು ಕುರ್ಚಿ, ಒಂದ್ರ ಮೇಲೆ ಯಾವಾಗ್ಲೂ ಮಡಚದೇ ಇರೋ ಬಟ್ಟೆ ರಾಶಿ, ಯಾಕಂದ್ರೆ ಅದ್ರಲ್ಲಿ ಕೂರೋರು ಈಗ ಯಾರೂ ಇಲ್ಲ. ಅತ್ತೆ ತೀರ್ಕೊಂಡು ಎರಡು ವರ್ಷ ಆಗ್ತಾ ಬಂತು. ಮಕ್ಕಳಿಲ್ಲ.

ಅವ್ನ ಸ್ವಂತ ಕಾರು ನನಗಿಂತ ಹಳೇದು. ಎಲೆ ಹಸಿರು ಬಣ್ಣ, ಮೇಲೆಲ್ಲ ಫಳಫಳ, ಹೊಟ್ಟೆ ಒಳಗೆ ಮಾತ್ರ ದೆವ್ವ! ಎಡಗಡೆ ಇಂಡಿಕೇಟರ್ ಹಾಕಿದ್ರೆ ಹೆಡ್‌ಲೈಟು ಕಣ್ಣು ಮಿಟುಕಿಸುತ್ತೆ, ಬ್ರೇಕ್ ಒತ್ತಿದ್ರೆ ವೈಪರ್ ತೂಕಡಿಸುತ್ತೆ, ಒಂದೊಂದ್ ಸಲ ಕೀ ತಿರುಗಿಸಿದ್ರೆ ಟಿಕ್ ಅಂತ ಒಂದ್ ಸದ್ದು, ಅಷ್ಟೇ, ಆಮೇಲೆ ಮೌನವ್ರತ. ಯಾವಾಗ್ಲೂ ಹೀಗೇ ಅಂತಾನೂ ಇಲ್ಲ! ಮಾವ ಬಾನೆಟ್ ಎತ್ತಿದ್ನೋ, ಒಳ್ಳೆ ಮಗು ಥರ ಎಲ್ಲಾ ಸರಿ.

ಹೋದ ವಾರ ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗ್ವಾಗ ನಡುರಸ್ತೇಲಿ ನಿಂತೇಬಿಡ್ತು. ಹಿಂದೆ ಬಸ್ಸು, ಅದ್ರ ಹಿಂದೆ ಲಾರಿ, ಎಲ್ಲರ ಹಾರನ್ನೂ ಒಟ್ಟಿಗೆ. ವಾಪಸ್ ಬಂದಿದ್ದೇ ಅಮ್ಮ ತಮ್ಮನ ಮೇಲೆ ಎಗರಾಡಿದ್ಲು.

"ಊರ ಕಾರಿಗೆಲ್ಲ ನೀನು ಡಾಕ್ಟ್ರು, ನಿನ್ ಕಾರಿಗೆ ಯಾರೋ ದಿಕ್ಕು? ದೀಪದ ಬುಡ ಕತ್ತಲೆ ಅಂತ ಸುಮ್ನೆ ಹೇಳ್ತಾರಾ!"

"ಸಿಕ್ಕುತ್ತೆ ಅಕ್ಕ. ಹುಡುಕ್ತಾನೇ ಇದೀನಿ."

"ಯಾವಾಗ ಸಿಗೋದು, ನಾನು ಸತ್ತ ಮೇಲಾ? ಭಾನುವಾರದೊಳಗೆ ಸರಿ ಆಗ್ಲಿಲ್ವೋ, ಗುಜರಿಯೋನು ಬಂದು ಎಳ್ಕೊಂಡ್ ಹೋಗ್ಲಿ. ಮಾತು ಕೊಡು."

ಮಾವ ಮಾತು ಕೊಟ್ಟ. ಅವ್ನ ಮಾತು ಬೆಸುಗೆ ಹಾಕಿದ ಹಾಗೆ, ಬಿಟ್ಕೊಳ್ಳೋ ಪೈಕಿ ಅಲ್ಲ. ಅದೇ ಭಯ ನನಗೆ! ಯಾಕಂದ್ರೆ ದಿನಾ ಬೆಳಗ್ಗೆ ಅವ್ನು ಕಾಫಿ ಕುಡಿಯೋದು ಆ ಕಾರಲ್ಲೇ, ಶೆಡ್ಡಲ್ಲಿ ನಿಂತಿರೋ ಕಾರಲ್ಲೇ, ಪಕ್ಕದ ಸೀಟಿನ ಕಡೆ ಸ್ವಲ್ಪ ತಿರುಗಿ ಕೂತ್ಕೊಂಡು, ರೇಡಿಯೋ ಸಣ್ಣಗೆ ಹಾಕ್ಕೊಂಡು. ಅದೂ ಹೋದ್ರೆ ಉಳಿಯೋದು ಬೇರೆಯೋರ ಕಾರುಗಳು, ಅವು ಸಂಜೆ ಆದ್ರೆ ಅವರವರ ಮನೆಗೆ ಹೋಗ್ಬಿಡ್ತವೆ. ಶನಿವಾರ ಕ್ಲಾಸ್ ಮುಗಿದಿದ್ದೇ ತಡ, ನಾನು ಶೆಡ್ಡಿಗೆ ಓಡ್ದೆ.

ಹೋಗಿ ನೋಡಿದ್ರೆ ಕಾರಿನ ಬಾಗಿಲು ತೆಗೆದು ಅದಕ್ಕೆ ಬಚ್ಚಲುಮನೆ ಕನ್ನಡಿ ಕಟ್ಟಿದ್ದಾನೆ!

"ಇದೇನ್ ಮಾವ, ಕಾರಿಗೆ ಮೇಕಪ್ಪಾ?"

"ಇಲ್ಲಿ ವೈರ್ ಅಲ್ಲಾಡಿಸ್ವಾಗ ಒಳಗಡೆ ದೀಪ ಮಿಣುಕುತ್ತಾ ನೋಡ್ಬೇಕಲ್ಲಮ್ಮ. ನನಗಿರೋದು ಒಂದೇ ಮೈ."

ಆಗ ಗೊತ್ತಾಯ್ತು, ಇದು ಇಬ್ರು ಮಾಡೋ ಕೆಲ್ಸ. ಒಬ್ರು ಬಾನೆಟ್ ಕೆಳಗೆ ಒಂದೊಂದೇ ವೈರ್ ಹಿಡಿದು ಅಲ್ಲಾಡಿಸ್ಬೇಕು, ಇನ್ನೊಬ್ರು ಒಳಗೆ ಕೂತು ಡ್ಯಾಶ್‌ಬೋರ್ಡಿನ ದೀಪ ನೋಡ್ತಾ ಕೂಗ್ತಾ ಇರ್ಬೇಕು, ಬಂತು, ಹೋಯ್ತು, ಬಂತು, ಹೋಯ್ತು. ಕೂಗೋ ಡ್ಯೂಟಿ ಅತ್ತೇದಾಗಿತ್ತು. ಮಡಿಲಲ್ಲಿ ಸ್ವೆಟರ್ ಹೆಣೀತಾ, ಕಣ್ಣು ಮಾತ್ರ ದೀಪದ ಮೇಲಿಟ್ಟು, ಬೀದಿ ಕೊನೆಗೂ ಕೇಳೋ ಗಂಟಲಲ್ಲಿ! "ಬಂತೋ ಹೋಯ್ತೋ ಒಂದು ಹೇಳಿ ತಾಯಿ, ನನ್ ಹೊಲಿಗೆ ತಪ್ತಾ ಇದೆ" ಅಂತ ಎದುರಂಗಡಿ ಟೈಲರ್ ರೇಗಿಸೋನಂತೆ.

"ಆ ಟೈಲರ್‌ನೇ ಒಂದ್ ಗಳಿಗೆ ಕರೀಬಹುದಿತ್ತಲ್ಲ ಮಾವ?"

"ಪಾಪ, ಅವನಿಗೂ ಕೆಲ್ಸ ಇರುತ್ತೆ."

ಅಂದ್ರೆ ಯಾರನ್ನೂ ಕರೆದೇ ಇಲ್ಲ. ಕನ್ನಡಿ ಬಿಚ್ಚಿ ಕೆಳಗಿಟ್ಟು ನಾನು ಡ್ರೈವರ್ ಸೀಟಲ್ಲಿ ಕೂತೆ, ಹೆಡ್‌ಲೈಟ್ ಹಾಕ್ದೆ, ಇಂಡಿಕೇಟರ್ ಹಾಕ್ದೆ.

"ಇದೆ... ಇದೆ... ಇದೆ ಮಾವ... ಹೋಯ್ತು! ಅಯ್ಯೋ ಬಂತು! ಹೋಯ್ತು!"

ಮಾವನ ಕೈ ಇದ್ದಿದ್ದು ಬ್ಯಾಟ್ರಿಯಿಂದ ಕಾರಿನ ಮೈಗೆ ಹೋಗೋ ದಪ್ಪ ವೈರಿನ ಮೇಲೆ.

"ಅರ್ತಿಂಗೇ," ಅಂದ. "ನೋಡು, ಕರೆಂಟು ಹೋಗೋಕೆ ವೈರ್ ಇದೆ. ಬ್ಯಾಟ್ರಿಗೆ ವಾಪಸ್ ಬರೋಕೆ ಕಾರಿನ ಮೈನೇ ದಾರಿ. ಆ ದಾರಿ ಕಟ್ಟಿದ್ರೆ ಅದು ಸಿಕ್ಕಿದ ಲೈಟ್ ಒಳಗೆಲ್ಲ ನುಗ್ಗಿ ದಾರಿ ಹುಡುಕುತ್ತೆ. ಅದಕ್ಕೇ ಈ ಕುಣಿತ. ಆದ್ರೆ ವೈರನ್ನ ಮೈಗೆ ಬಿಗಿದಿರೋ ಈ ಬೋಲ್ಟ್ ಸರಿ ಇದೆಯಲ್ಲ, ಎಷ್ಟ್ ಸಲ ನೋಡಿದೀನಿ!"

ಟೆಸ್ಟರ್ ಬಾಲಾನ ಬ್ಯಾಟ್ರಿಯ ಪ್ಲಸ್ಸಿಗೆ ಕಚ್ಚಿಸಿ ಮೂತೀನ ಬೋಲ್ಟಿಗೆ ಇಟ್ಟ. ಬಲ್ಬು ಜೋರಾಗಿ ಉರೀತು. ಅದೇ ಮೂತೀನ ಕಾರಿನ ಮೈಗೆ, ಬಾಗಿಲ ಹಿಂಜಿಗೆ ಇಟ್ಟ, ಬಲ್ಬು ಮಂಕು! ಒಂದು ಉದ್ದ ವೈರ್ ತಗೊಂಡು ಬ್ಯಾಟ್ರಿಯ ಮೈನಸ್ಸಿಂದ ನೇರ ಹಿಂಜಿಗೆ ಕ್ಲಿಪ್ ಹಾಕಿದ್ದೇ ಕಾರಿನ ದೀಪಗಳೆಲ್ಲ ನಾಟಕದ ಸ್ಟೇಜ್ ಥರ ಭಗ್ ಅಂತ ಬೆಳಗಿದ್ವು. ನಾನು ಸೀಟಲ್ಲೇ ಕುಣಿದೆ. ಮಾವ ಕುಣಿಲಿಲ್ಲ. ಸ್ಪ್ಯಾನರ್ ತಗೊಂಡು ಬೋಲ್ಟ್ ಬಿಚ್ಚಿದ, ವೈರಿನ ತುದೀಲಿರೋ ಬಳೆ ಎತ್ತಿದ, ಹಾಗೇ ನಿಂತ್ಬಿಟ್ಟ.

ಇಳಿದು ಹೋಗಿ ನೋಡಿದೆ. ಬಳೆ ಕೂರೋ ಜಾಗದಲ್ಲಿ ಬರೀ ಕಬ್ಬಿಣ ಇರ್ಬೇಕಿತ್ತು. ಅಲ್ಲಿ ದಪ್ಪಗೆ ಹಸಿರು ಬಣ್ಣ, ಬಣ್ಣ ಕರೆಂಟನ್ನ ಬಿಡಲ್ಲ. ಕರೆಂಟು ಇಷ್ಟು ದಿನ ಬೋಲ್ಟಿನ ಸುತ್ತುಗಳ ಸಂದೀಲಿ ಎಲ್ಲೋ ಒಂಚೂರು ನುಸುಳ್ಕೊಂಡು ಬರ್ತಾ ಇತ್ತು, ಕುಲುಕಿದ್ರೆ ಅದೂ ಇಲ್ಲ.

"ನಾನೇ ಬಳ್ದಿದ್ದು," ಅಂದ ಮಾವ.

ಈ ಹಸಿರು ಅತ್ತೆ ಆರಿಸಿದ್ದು. ಡಬ್ಬ ತಂದಿಟ್ಟಿದ್ಲು, ಬಳಿಯೋ ಹೊತ್ತಿಗೆ ಅವಳೇ ಇರ್ಲಿಲ್ಲ. ಅವಳು ಹೋದ್ಮೇಲೆ ಮಾವ ಶಟರ್ ಎಳ್ಕೊಂಡು ಒಬ್ನೇ ಇಡೀ ಕಾರು ಬಿಚ್ಚಿ ಬಳ್ದಿದ್ದ, ನಮಗೆಲ್ಲ ಗೊತ್ತು.

"ಪೇಂಟ್‌ಗೆ ಮುಂಚೆ ಅರ್ತಿಂಗ್ ಜಾಗಕ್ಕೆಲ್ಲ ಬಣ್ಣ ತಾಗದ ಹಾಗೆ ಟೇಪ್ ಹಾಕೋದು ಅವಳ ಕೆಲ್ಸ. ಯಾವ ಕಾರಿಗಾದ್ರೂ ಅವಳೇ. ನಾನು ಟೇಪ್ ಮುಟ್ಟಿದೋನೇ ಅಲ್ಲ." ಹಸಿರಿನ ಮೇಲೆ ಬೆರಳಾಡಿಸ್ತಾ ಅಂದ, "ಹಾಕಿರ್ತಾಳೆ ಅಂದ್ಕೊಂಡೇ ಬಳ್ದಿದೀನಿ ನೋಡು."

ಎದುರಿಗೆ ಟೈಲರ್ ಮಷಿನ್ ಕಟಕಟ ಅಂತಾ ಇತ್ತು. ಮಾವ ಮರಳು ಕಾಗದ ಮಡಚಿ ಉಜ್ಜೋಕೆ ಶುರು ಮಾಡ್ದ, ಬಳೆ ಕೂರೋವಷ್ಟೇ ಜಾಗ, ಅದಕ್ಕಿಂತ ಕೂದಲೆಳೆ ಆಚೆ ಹೋಗದ ಹಾಗೆ. ಹಸಿರು ಪುಡಿ ಅವ್ನ ಬೆರಳಿಗೆಲ್ಲ ಅಂಟ್ಕೊಳ್ತು. ಕಬ್ಬಿಣ ಬೆಳ್ಳಗೆ ಕಾಣ್ಸಿದ ಮೇಲೆ ಬೋಲ್ಟ್ ಬಿಗಿದು, ಉದ್ದ ವೈರ್ ತೆಗೆದ.

"ಹೋಗಿ ಕೂತ್ಕೋ. ಹಾಕು."

ಹೆಡ್‌ಲೈಟು ಬಂತು. ಇಂಡಿಕೇಟರ್ ಒಂದೇ ತಾಳದಲ್ಲಿ ಹೊಡೀತು. ಕೀ ತಿರುಗಿಸಿದ್ರೆ ಗುರ್ರ್ ಅಂತ ಎದ್ದೇಬಿಡ್ತು ಕಾರು! ನಾನು ಕೂತಲ್ಲಿಂದಾನೇ ಅಮ್ಮಂಗೆ ಫೋನ್ ಹಚ್ದೆ.

"ಅಮ್ಮಾ ಸಿಕ್ತು! ಗುಜರಿಯೋನಿಗೆ ಬರ್ಬೇಡ ಅನ್ನು!"

"ನಿಜವಾಗ್ಲೂನಾ? ನಾಳೆ ನಾನೇ ಬಂದು ಕೂತು ನೋಡ್ತೀನಿ, ಆಮೇಲೆ ಹೇಳ್ತೀನಿ," ಅಂದ್ಲು ಅಮ್ಮ, ಆದ್ರೆ ದನಿ ಆಗ್ಲೇ ಕರಗಿತ್ತು.

ಫೋನ್ ಇಟ್ಟೆ. ಬಾನೆಟ್ ಇನ್ನೂ ಎತ್ತೇ ಇತ್ತು, ಮಾವ ಅದ್ರ ಹಿಂದೆ ಕಾಣ್ತಾ ಇರ್ಲಿಲ್ಲ. ಯಾವ್ದೋ ವೈರ್ ಅಲ್ಲಾಡಿಸ್ತಾ ಇದ್ದ.

"ಬಂತಾ?"

"ಬಂತು ಮಾವ!"

"ಹೋಯ್ತಾ?"

"ಇಲ್ಲ, ಇದೆ!"

ಇನ್ನೊಂದು ವೈರ್. ಅದಾದ್ಮೇಲೆ ಇನ್ನೊಂದು. ದೀಪ ಕದಲ್ತಾನೇ ಇಲ್ಲ, ಅದು ಅವನಿಗೂ ಗೊತ್ತು.

"ಈಗ?"

"ಇದೆ ಮಾವ!" ಅಂತ ನಾನು ಬೀದಿ ಕೊನೆಗೂ ಕೇಳೋ ಹಾಗೆ ಕೂಗ್ದೆ. ಎದುರಿಗೆ ಹೊಲಿಗೆ ಮಷಿನ್ ನಿಂತ್ಹೋಯ್ತು.