ಕಾಜಾ ಅತ್ತಿಗೆಯ ಬ್ಯಾಟರಿ ಕಾವಲು

ಅಂಗಿಗೆ ಕಾಜಾ, ಅಂದರೆ ಗುಂಡಿ ತೂರಿಸುವ ಕಂಡಿ, ಹೊಲಿಯುವುದರಲ್ಲಿ ಆಕೆಯನ್ನು ಮೀರಿಸುವ ಕೈ ಇರಲಿಲ್ಲ. ಅದಕ್ಕೇ ಬೀದಿಗೆಲ್ಲ ಆಕೆ ಕಾಜಾ ಅತ್ತಿಗೆ. ಅನುಮಾನದಲ್ಲೂ ಅಷ್ಟೇ. ಗುಂಡಿ ಎಣಿಸಿ ಡಬ್ಬಿಗೆ ಹಾಕಿ, ಅಲ್ಲಾಡಿಸಿ ಸದ್ದು ಕೇಳಿ, ಸಮಾಧಾನವಾಗದೆ ಮತ್ತೆ ಸುರಿದು ಎಣಿಸುವ ಹೆಂಗಸು.

ಕಿಟಕಿಯಿಲ್ಲದ ಅಂಗಡಿ. ಅರ್ಧದಲ್ಲಿ ಅತ್ತಿಗೆಯ ಮಿಷನ್ನು, ಹಲಗೆಯಾಚೆ ನಾದಿನಿಯ ಇಸ್ತ್ರಿ ಮೇಜು. ಮಿಷನ್ನಿನ ಮೇಲಿನ ದೀಪ ಮೂಲೆಯ ಹಳೇ ಬ್ಯಾಟರಿಯಿಂದ ಉರಿಯುತ್ತಿತ್ತು. ಒಂದು ದಿನ ದೀಪ ಮಂಕಾಯಿತು. ಹಲಗೆಯಾಚೆ ನಾದಿನಿಯ ರೇಡಿಯೋ ಮಾತ್ರ ಗಂಟಲು ಬಿಟ್ಟು ಹಾಡುತ್ತಿತ್ತು. ಅತ್ತಿಗೆಯ ಕಿವಿ ನೆಟ್ಟಗಾಯಿತು: ತನ್ನ ಬ್ಯಾಟರಿಯ ಚಾರ್ಜು ಕದ್ದೇ ಅದು ಹಾಡುತ್ತಿರಬೇಕು.

ಅಂದಿನಿಂದ ಅಂಗಡಿ ಮುಚ್ಚುವಾಗ ಮೈನಸ್ಸಿನ ಕರಿ ವೈರು ಬಿಚ್ಚಿ ಚೀಲದಲ್ಲಿ ಮನೆಗೆ ಒಯ್ಯತೊಡಗಿದಳು. ಅದೂ ಸಾಲದೆಂದು ಬಟ್ಟೆಪಟ್ಟಿಯೊಂದನ್ನು ಒದ್ದೆ ಮಾಡಿ, ಬ್ಯಾಟರಿಯ ಪ್ಲಸ್ಸು ಮೈನಸ್ಸು ಎರಡೂ ಟರ್ಮಿನಲ್ಲಿಗೆ ಸೇರಿಸಿ ಹೊದಿಸಿ, ಉಗುರಿನಿಂದ ಮೂರು ನೆರಿಗೆ ತೀಡಿಡುತ್ತಿದ್ದಳು. ಯಾರು ಮುಟ್ಟಿದರೂ ನೆರಿಗೆ ಕೆಡಲೇಬೇಕು.

ನಾಲ್ಕನೇ ಬೆಳಿಗ್ಗೆ ದೀಪ ಮಿಣುಕಲೂ ಇಲ್ಲ. ಪಟ್ಟಿಯಲ್ಲಿ ಎರಡು ತೂತು!

"ನಿನ್ನ ಉಗುರಿನ ಕೆಲಸ. ಸಂಜೆಯೊಳಗೆ ಮೇಜು ಎತ್ತು."

"ಇಸ್ತ್ರಿ ಹಿಡಿಯೋ ಕೈಲಿ ಉಗುರೆಲ್ಲಿ ಉಳಿದಿದೆ ಅತ್ತಿಗೆ?" ನಾದಿನಿ ಹತ್ತೂ ಬೆರಳು ಚಾಚಿದಳು. "ನಿಮಗೆ ನನ್ನ ನೆರಳೂ ಕಳ್ಳನೇ." ಮಾತು ಮುಗಿಸಿ ಬಟ್ಟೆಗಂಟು ಕಟ್ಟತೊಡಗಿದಳು.

ಹೇಳಿಕಳಿಸಿದ್ದ ಬ್ಯಾಟರಿ ರಿಪೇರಿಯವನು ಬಂದು ಕೂತ.

"ನೋಡಿ ಅಕ್ಕ, ಮೈನಸ್ಸಲ್ಲಿ ಎಲೆಕ್ಟ್ರಾನು ಗುಂಪುಗೂಡಿ ನಿಂತಿರ್ತವೆ. ವೈರು ಹಿಡಿದು, ದೀಪದೊಳಗೆ ಹಾದು ಪ್ಲಸ್ಸಿಗೆ ಬಂದ್ರೆ ಬೆಳಕು. ದಾರಿ ಕಡಿದ್ರೆ ಹೋಗಲ್ಲ."

"ಹೋದ ಸಲ ಪ್ಲಸ್ಸಿಂದ ಮೈನಸ್ಸಿಗೆ ಅಂದಿದ್ದೆ!"

"ಅದು ಹಿಂದಿನವರು ಕರೆಂಟಿಗೆ ಅಂತ ಹಾಕಿಟ್ಟ ಬಾಣದ ಗುರುತು. ಎಲೆಕ್ಟ್ರಾನು ಹೋಗೋದು ಉಲ್ಟಾ."

"ಎರಡು ನಾಲಗೆ ನಿಂದು. ಸರಿ, ವೈರು ನನ್ನ ಚೀಲದಲ್ಲಿತ್ತಲ್ಲ, ದಾರಿ ಎಲ್ಲಿಂದ ಬಂತು?"

ಅವನು ಸ್ಕ್ರೂಡ್ರೈವರಿನ ತುದಿಯಿಂದ ಪಟ್ಟಿ ಎತ್ತಿದ. ಇನ್ನೂ ತೇವ.

"ಇಲ್ಲಿಂದ. ಮೊದಲ ದಿನ ಮಂಕಾಗಿದ್ದು ಟರ್ಮಿನಲ್ಲಿಗೆ ಹಿಡಿದ ಈ ಬಿಳಿ ಹುಡಿಗೆ. ಆಮೇಲೆ ನೀವೇ ಸೇತುವೆ ಕಟ್ಟಿಕೊಟ್ರಿ. ಬ್ಯಾಟರಿಯಿಂದ ಜಿನುಗಿದ ಆಸಿಡ್ಡು ಹೀರಿದ ಬಟ್ಟೆ ಒಣಗಲ್ಲ, ಚಾರ್ಜು ರಾತ್ರಿಯಿಡೀ ಅದರಲ್ಲೇ ಸೋರಿದೆ. ತೂತೂ ಆಸಿಡ್ಡು ತಿಂದದ್ದೇ."

ಅತ್ತಿಗೆ ನಂಬಲಿಲ್ಲ. ಅವನ ಮೀಟರಿನ ಒಂದು ಕಡ್ಡಿ ಪ್ಲಸ್ಸಿಗೆ ಒತ್ತಿಸಿ, ಇನ್ನೊಂದನ್ನು ತಾನೇ ಹಿಡಿದಳು. ಮೈನಸ್ಸಿಗೆ ಒಣ ಬಟ್ಟೆ ತಗುಲಿಸಿ ಅದರ ಮೇಲಿಟ್ಟಳು, ಮುಳ್ಳು ಕದಲಲಿಲ್ಲ. ಒದ್ದೆ ಪಟ್ಟಿ ತಗುಲಿಸಿ ಅದರ ಮೇಲಿಟ್ಟಳು, ಉಳಿದಿದ್ದ ಚೂರು ಚಾರ್ಜಿಗೇ ಮುಳ್ಳು ಎದ್ದಿತು. ಮತ್ತೆ ಒಣದ್ದು, ಮತ್ತೆ ಒದ್ದೆ. ಐದು ಸಲ.

ಹಲಗೆಯಾಚೆ ಮೇಜಿನ ಕಾಲು ನೆಲಕ್ಕೆ ಉಜ್ಜಿತು.

"ಏ, ಮೇಜು ಅಲ್ಲೇ ಇರಲಿ."

"ಯಾಕೆ, ಉಗುರು ಬೆಳೆಯೋವರೆಗಾ?"

ಅತ್ತಿಗೆ ಅಡುಗೆ ಸೋಡಾ ನೀರಿನಲ್ಲಿ ಟರ್ಮಿನಲ್ಲು ಉಜ್ಜಿ, ಒಣ ಬಟ್ಟೆಯಿಂದ ಒರೆಸಿದಳು. ಆಮೇಲೆ ಕರಿ ವೈರನ್ನು ಹಲಗೆಯ ಮೇಲಿಂದ ಚಾಚಿದಳು. "ಇನ್ಮೇಲೆ ಸಂಜೆ ಇದನ್ನ ನೀನೇ ಇಟ್ಕೋ."

ನಾದಿನಿ ವೈರು ತಗೊಂಡು, ಹಲಗೆಯ ಮೇಲಿಂದ ಇಣುಕಿ, ಅತ್ತಿಗೆಯ ಮಡಿಲಲ್ಲಿ ಬಿಚ್ಚಿ ಬಿದ್ದಿದ್ದ ಅಳತೆ ಟೇಪನ್ನು ನೋಡಿದಳು.

"ವೈರು ಎಷ್ಟು ಉದ್ದ ಬಂತು ಅತ್ತಿಗೆ?"