ಮಂಚದ ಕಾಲಿಗೆ ಕಟ್ಟಿದ ಮೇಕೆ

ಸೀಮೆಸುಣ್ಣದ ಧೂಳಿಗೆ ಬಂದ ಕೆಮ್ಮು ಎಂದುಕೊಂಡಿದ್ದೆ. ಮಾಗಡಿ ರಸ್ತೆಯ ಪ್ರೈಮರಿ ಸ್ಕೂಲಿನಲ್ಲಿ ದಿನವಿಡೀ ಕೂಗಿ ಪಾಠ ಹೇಳುವವಳಿಗೆ ಕೆಮ್ಮು ಏನು ದೊಡ್ಡ ವಿಷಯ? ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಕುಪ್ಪಸ ಸಡಿಲವಾಗುತ್ತಿತ್ತು. ಜೊತೆಯ ಟೀಚರೊಬ್ಬರು "ಸಣ್ಣಗಾಗಿದೀರ, ಚೆನ್ನಾಗಿ ಕಾಣ್ತೀರ" ಎಂದಾಗ ಒಳಗೊಳಗೇ ಹಿಗ್ಗಿದ್ದೂ ಉಂಟು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಾಯಿ ಮುಕ್ಕಳಿಸಿ ಉಗುಳಿದೆ. ಕೆಂಪಗಿತ್ತು. ರಾತ್ರಿಯ ಎಲೆಅಡಿಕೆ ಇರಬೇಕೆಂದು ಒಂದು ಚೆಂಬು ನೀರು ಹುಯ್ದೆ.

ರಾತ್ರಿ ನಾನು ಎಲೆಅಡಿಕೆ ಹಾಕಿರಲಿಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಲಗಡೆ ಮೇಲ್ಭಾಗದಲ್ಲಿ ಬೆರಳಿನಿಂದ ಒಂದು ಸುತ್ತು ಸುತ್ತಿ ತೋರಿಸಿದರು.

"ಟಿ.ಬಿ. ಅಮ್ಮ. ಹೆದರಬೇಡಿ, ಈಗ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಇದೆ."

ಹೆದರಬೇಡಿ ಎಂದ ಮೇಲೆ ಅವರು ಹೇಳಿದ್ದೊಂದೂ ನನ್ನ ಕಿವಿಗೆ ಬೀಳಲಿಲ್ಲ. ಜೊತೆಗೆ ಬಂದಿದ್ದ ನಮ್ಮವರು ಕೇಳಿಸಿಕೊಂಡರು. ವಾರ್ಡಿನಲ್ಲಿ ಬೆಡ್ ಇಲ್ಲ. ದಿನಾ ಬಂದು ಇಂಜೆಕ್ಷನ್ ಹಾಕಿಸಿಕೊಳ್ಳಬೇಕು, ಪಿ.ಎ.ಎಸ್. ಮಾತ್ರೆ ನುಂಗಬೇಕು, ಮಿಕ್ಕ ಹೊತ್ತು ಮನೆಯಲ್ಲಿ ಮಲಗಿರಬೇಕು, ಮಗುವನ್ನು ದೂರ ಇಡಬೇಕು.

ಮಗನನ್ನು ಕೆಂಗೇರಿಗೆ, ನನ್ನ ತಾಯಿಯ ಮನೆಗೆ ಕಳಿಸಿದೆವು. ಅವನು ಹೋದ ದಿನ ಮನೆ ಎಷ್ಟು ಚೊಕ್ಕಟವಾಗಿತ್ತೆಂದರೆ ನನಗೆ ನೋಡಲಾಗಲಿಲ್ಲ. ನನ್ನ ತಟ್ಟೆ, ಲೋಟ, ಹಾಸಿಗೆ ಎಲ್ಲ ಬೇರೆಯಾದವು. ವಠಾರದಲ್ಲಿ ಸುದ್ದಿ ಹರಡುವುದಕ್ಕೆ ಹೊತ್ತು ಬೇಕಾಗಲಿಲ್ಲ. ನಮ್ಮವರು ನಲ್ಲಿಯ ಹತ್ತಿರ ಕೊಡ ಇಟ್ಟರೆ ಹೆಂಗಸರು ತಮ್ಮ ಕೊಡಗಳನ್ನು ಪಕ್ಕಕ್ಕೆ ಸರಿಸಿಕೊಳ್ಳುತ್ತಿದ್ದರು. ಅವರನ್ನು ಬೈಯುವ ಮನಸ್ಸಿಲ್ಲ, ಅವರ ಮನೆಗಳಲ್ಲೂ ಮಕ್ಕಳಿದ್ದವು. ಆದರೆ ಬಾಗಿಲಾಚೆ ದೂರದಲ್ಲಿ ನಿಂತು "ಹೆಂಗಿದೀರಾ?" ಎಂದು ಕೂಗಿದವರಿಗೆ ಇಲ್ಲಿಂದ ಉತ್ತರ ಕೂಗಲು ಹೋದರೆ ಕೆಮ್ಮು ಒತ್ತರಿಸಿ ಬರುತ್ತಿತ್ತು. ಅದನ್ನು ಕೇಳಿ ಅವರು ಇನ್ನೂ ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದರು.

ಹೊಸ್ತಿಲು ದಾಟಿ ಬಂದವಳು ಗಂಗ ಒಬ್ಬಳೇ.

ಗಂಗ ನಮ್ಮ ಎದುರು ಮನೆಯವಳು, ನನ್ನ ಓರಗೆಯವಳು. ತವರು ಬ್ಯಾಡರಹಳ್ಳಿಯ ಬೇಸಾಯದ ಮನೆ, ಗಂಡನಿಗೆ ಮಿಲ್ಲಿನಲ್ಲಿ ಕೆಲಸ, ಒಬ್ಬಳು ಪುಟ್ಟ ಮಗಳು. ಅವಳ ಹತ್ತಿರ ಎಲ್ಲ ಕಾಯಿಲೆಗೂ ಔಷಧವಿತ್ತು, ಎಲ್ಲ ಔಷಧಕ್ಕೂ ಸಾಕ್ಷಿಯಾಗಿ ಒಬ್ಬ ಸೋದರತ್ತೆ ಇದ್ದಳು. ಬಾಳೆಹಣ್ಣು ತಿಂದರೆ ಕಫ ಕಲ್ಲಾಗುತ್ತದೆ. ಸೂಜಿ ಚುಚ್ಚಿಸಿಕೊಂಡರೆ ರಕ್ತ ನೀರಾಗುತ್ತದೆ. ಆ ಸೋದರತ್ತೆಗೆ ಬಾರದ ರೋಗವಿರಲಿಲ್ಲ, ವಾಸಿಯಾಗದ ರೋಗವೂ ಇರಲಿಲ್ಲ. ನಾನು ನಕ್ಕರೆ ಗಂಗ ಮುಖ ದಪ್ಪ ಮಾಡಿಕೊಂಡು, ಮರುಕ್ಷಣವೇ ಇನ್ನೊಂದು ಔಷಧ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಹಗ್ಗ ಹಿಡಿದು ಒಳಗೆ ಬಂದಳು. ಹಗ್ಗದ ಇನ್ನೊಂದು ತುದಿಯಲ್ಲಿ ಮೇಕೆ ಇತ್ತು.

"ಇದು ನಿನ್ನ ಮಂಚದ ಹತ್ರಾನೇ ಇರ್ಲಿ ಕಣೇ ಶಾರದಾ. ಮೇಕೆ ಉಸಿರು ಎದೆ ಕಾಯಿಲೆಗೆ ಒಳ್ಳೇದು. ನಮ್ಮ ಸೋದರತ್ತೆ ಮೇಕೆ ಕೊಟ್ಟಿಗೇಲಿ ಮಲಗೇ ಹುಷಾರಾಗಿದ್ದು."

ಬ್ಯಾಡರಹಳ್ಳಿಯಿಂದ ಆ ಬಿಸಿಲಿನಲ್ಲಿ ಅದನ್ನು ಎಳೆದುಕೊಂಡು ನಡೆದೇ ಬಂದಿದ್ದಳು. ಕಾಲೆಲ್ಲ ಧೂಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಅವಳು ಮಂಚದ ಕಾಲಿಗೆ ಹಗ್ಗ ಬಿಗಿದಳು.

ಮಾರನೆಯ ದಿನ ನಮ್ಮವರು ಸಂಕೋಚದಿಂದಲೇ ಡಾಕ್ಟರ ಹತ್ತಿರ ವಿಷಯ ಎತ್ತಿದರು. ಅವರು ನಗಲಿಲ್ಲ. "ಮನೆ ಒಳಗೆ ಬೇಡ, ವೆರಾಂಡಾದಲ್ಲಿ ಕಟ್ಟಿ. ಹಾಲು ಚೆನ್ನಾಗಿ ಕಾಯಿಸಿ ಕುಡೀರಿ. ಇಂಜೆಕ್ಷನ್ ಮಾತ್ರ ಒಂದು ದಿನಾನೂ ತಪ್ಪಿಸಬೇಡಿ" ಎಂದರು. ಹಾಗಾಗಿ ಮೇಕೆಯ ಜೊತೆ ನನ್ನ ಮಂಚವೂ ವೆರಾಂಡಾಕ್ಕೆ ಬಂತು. ಗಾಳಿ ಬೆಳಕು ನನಗೂ ಒಳ್ಳೆಯದೇ ಆಯಿತು. ಮೇಕೆ ನನ್ನ ಹೊದಿಕೆಯ ಅಂಚು ತಿಂದಿತು, ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಿಂಗಳು ತಿಂದಿತು. ಗಂಗ ಬೆಳಿಗ್ಗೆ ಸಂಜೆ ಹಾಲು ಕರೆಯಲು ಬರುವಳು. ಕರೆದ ಬಿಸಿಯಲ್ಲೇ ಕುಡಿಯಬೇಕು, ಕಾಯಿಸಿದರೆ ಸತ್ವ ಹೋಗುತ್ತದೆ ಎನ್ನುವಳು. ಡಾಕ್ಟರ ಮಾತು ಹೇಳಿದರೆ "ಅವರಿಗೇನು ಗೊತ್ತು ಬಿಡು" ಎನ್ನುವಳು. ಅವಳು ಅತ್ತ ಹೋದ ಮೇಲೆ ನಮ್ಮವರು ಇತ್ತ ಹಾಲು ಒಲೆಗಿಡುವರು.

ಇಂಜೆಕ್ಷನ್ನಿನಿಂದ ನನಗೆ ತಲೆಸುತ್ತು ಬರುತ್ತಿತ್ತು. ಕಿವಿಯಲ್ಲಿ ಸದಾ ಗುಂಯ್ ಎನ್ನುವ ಸದ್ದು. ನಮ್ಮವರಿಗೆ ಆಫೀಸು. ಟೋಲ್‌ಗೇಟಿನ ಬಸ್ಸಿನವರೆಗೆ, ಬಸ್ಸಿನಿಂದ ಆಸ್ಪತ್ರೆಯವರೆಗೆ, ತನ್ನ ಮಗಳನ್ನು ಒಂದು ಕೈಯಲ್ಲಿ ನನ್ನನ್ನು ಇನ್ನೊಂದು ಕೈಯಲ್ಲಿ ಹಿಡಿದು ನಡೆಸಿದವಳು ಗಂಗ. ಸೂಜಿಯಲ್ಲಿ ಅವಳಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ, ಆದರೆ ನಾನು ಸೂಜಿ ತಪ್ಪಿಸದ ಹಾಗೆ ನೋಡಿಕೊಂಡವಳು ಅವಳೇ, ಮತ್ತು ಇಂಥವಳನ್ನು ಏನೆಂದು ಕರೆಯಬೇಕೋ ನನಗೆ ಈಗಲೂ ತಿಳಿಯದು.

ಮೈಯಲ್ಲಿ ಸ್ವಲ್ಪ ಮಾಂಸ ಸೇರಿತು. ಜ್ವರ ನಿಂತಿತು. ಹೊಸ ಫಿಲ್ಮ್ ನೋಡಿ ಡಾಕ್ಟರು ಪರವಾಗಿಲ್ಲ ಎಂಬಂತೆ ತಲೆಯಾಡಿಸಿದರು.

"ನೋಡ್ದಾ ಮೇಕೆ ಕೆಲಸಾನ!" ಎಂದು ಗಂಗ ವಠಾರಕ್ಕೆಲ್ಲ ಕೇಳುವಂತೆ ಹೇಳಿದಳು. ನಾನು ನಕ್ಕು ಸುಮ್ಮನಾದೆ. ಯಾರಿಗೇನು ನಷ್ಟ?

ಆಮೇಲೊಂದು ದಿನ ಅವಳು ನನ್ನ ಹಿಂದೆ ಕೂತು ಜಡೆ ಹೆಣೆಯುತ್ತಿದ್ದಳು. ಕೆಮ್ಮಿದಳು. ಸೆರಗು ಬಾಯಿಗಿಟ್ಟುಕೊಂಡು ಮತ್ತೆ ಕೆಮ್ಮಿದಳು.

ಆ ಕೆಮ್ಮು ನನಗೆ ಗೊತ್ತಿತ್ತು.

"ಎಷ್ಟು ದಿನದಿಂದ ಗಂಗಾ?"

"ಅಯ್ಯೋ, ಥಂಡಿ ಕಣೇ. ಸಂಜೆ ಹೊತ್ತು ಒಂಚೂರು ಮೈ ಬಿಸಿ ಆಗುತ್ತೆ, ಅಷ್ಟೇ. ದಿನಾ ಮೇಕೆ ಮುಟ್ಟೋಳಿಗೆ ಎದೆ ಕಾಯಿಲೆ ಬರುತ್ತಾ?"

ಎಕ್ಸ್‌ರೇ ಎಂದರೆ ಸುತರಾಂ ಒಪ್ಪಲಿಲ್ಲ. ಆ ಬೆಳಕು ಬಿದ್ದ ಹೆಂಗಸಿಗೆ ಬಸಿರು ನಿಲ್ಲುವುದಿಲ್ಲವಂತೆ. ಅವಳಿಗೆ ಇನ್ನೊಂದು ಮಗುವಿನ ಆಸೆ ಇತ್ತು.

ನಮ್ಮವರಿಗೆ ಹೇಳಿದೆ. "ಎಲ್ಲರೂ ದೂರ ನಿಂತಾಗ ಬಂದವಳು. ಮುಖ ಮುರಿದ ಹಾಗೆ ಮಾತಾಡ್ಬೇಡ. ನಿಧಾನಕ್ಕೆ ಹೇಳು" ಎಂದರು. ನಿಧಾನ ಮಾಡಿದರೆ ಏನಾಗುತ್ತದೆಂದು ಕಿಟಕಿಗೆ ಹಿಡಿದ ಫಿಲ್ಮಿನಲ್ಲಿ ನಾನು ನೋಡಿದ್ದೆ. ಆದರೂ ಬಾಯಿ ಕಟ್ಟಿತ್ತು. ಅವಳು ಹೇಳುತ್ತಿದ್ದುದೆಲ್ಲ ಸುಳ್ಳು, ಹಾಗೆ ಹೇಳಿಸುತ್ತಿದ್ದ ಪ್ರೀತಿ ಮಾತ್ರ ಅಪ್ಪಟ ನಿಜ; ಒಂದನ್ನು ಕಿತ್ತರೆ ಇನ್ನೊಂದೂ ಕಿತ್ತು ಬಂದೀತೆಂದು ನನಗೆ ಪ್ರಾಣಭಯದಷ್ಟೇ ಭಯವಾಗುತ್ತಿತ್ತು. ಸಂಜೆ ಅವಳ ಮಗಳು ಅವಳ ತೊಡೆಯ ಮೇಲೆ ಮಲಗಿದ್ದು ಕಂಡಿತು. ಕೆಂಗೇರಿಯಲ್ಲಿರುವ ನನ್ನ ಮಗನ ನೆನಪಾಯಿತು. ಮರುದಿನ ಹಾಲು ಕರೆಯಲು ಬಂದಾಗ ಹೇಳಿಬಿಟ್ಟೆ.

"ಗಂಗಾ, ನಾನು ಹುಷಾರಾಗಿದ್ದು ಮೇಕೆಯಿಂದ ಅಲ್ಲ ಕಣೇ. ಸೂಜಿಯಿಂದ."

ಅವಳ ಕೈ ನಿಂತಿತು.

"ಹಂಗಾದ್ರೆ ಇಷ್ಟು ದಿನ ಯಾಕೆ ಕಟ್ಟಿಸ್ಕೊಂಡಿದ್ದೆ?"

"ನೀನು ಕಟ್ಟಿದ್ದೆ ಅಂತ."

ಅವಳು ಎದ್ದಳು. ಮಂಚದ ಕಾಲಿನ ಗಂಟು ಬಿಚ್ಚಿ ಮೇಕೆಯನ್ನು ಎಳೆದುಕೊಂಡು ಹೋದಳು. ಅರ್ಧ ತುಂಬಿದ ಹಾಲಿನ ಚೊಂಬು ಅಲ್ಲೇ ಉಳಿಯಿತು.

ಕೆಲವು ದಿನ ಅವಳು ಬರಲಿಲ್ಲ. ಎದುರು ಬಾಗಿಲಿನ ಹಿಂದಿನಿಂದ ಕೆಮ್ಮು ಮಾತ್ರ ಕೇಳುತ್ತಿತ್ತು. ರೋಗಕ್ಕೆ ಅಳದಿದ್ದ ನಾನು ಆಗ ಅತ್ತುಬಿಟ್ಟೆ. ಕೊನೆಗೆ ನಾನೇ ಗೋಡೆ ಹಿಡಿದುಕೊಂಡು ಅಂಗಳ ದಾಟಿ ಅವಳ ಮನೆಗೆ ಹೋದೆ. ಗಂಗ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ದೂರವಾಗಿ ಕೂತು ಒಂದು ಹಿಡಿ ಕಾಯಿ ಎಳೆದುಕೊಂಡೆ.

"ಆ ಮೇಕೆ ವಾಸನೇಲಿ ನಾನು ನಿನ್ನ ಮಾತಿಗೆ ಮಲಗಿದ್ದೆ ಗಂಗಾ. ನಂಬಿಕೆ ಇರ್ಲಿಲ್ಲ, ಆದ್ರೂ ಮಲಗಿದ್ದೆ. ನೀನೂ ನಂಬಬೇಡ. ನನ್ನ ಮಾತಿಗೆ ಒಂದೇ ಒಂದು ಸಲ ಬಂದು ಆ ಮಿಷನ್ ಮುಂದೆ ನಿಂತ್ಕೋ."

ಗಂಗ ಕೈಯಲ್ಲಿದ್ದ ಕಾಯಿ ಸುಲಿದು ಕಾಳು ಉದುರಿಸಿದಳು.

"ವಾಸನೆ ಅಂದ್ಯಾ? ಅದನ್ನ ದಿನಾ ತೊಳೀತಿದ್ದೆ ನಾನು" ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ಹೊಟ್ಟೆಗೆ ಬೆಳಕು ಬೀಳಲ್ವಾ?"

"ಡಾಕ್ಟರನ್ನೇ ಕೇಳು."

ಕೇಳಿದಳು. ಡಾಕ್ಟರು ತಾಳ್ಮೆಯಿಂದ ಹೇಳಿದರು: "ತೆಗೆಯೋದು ಎದೆದು ಮಾತ್ರ ಅಮ್ಮ. ಮುಂದೆ ಮಕ್ಕಳಾಗೋಕೆ ಇದೇನೂ ಅಡ್ಡಿ ಇಲ್ಲ. ಮೊದಲು ನೀವು ಉಳೀಬೇಕು." ಅವಳು ಕಣ್ಣು ಮುಚ್ಚಿಕೊಂಡು, ನನ್ನ ಸೆರಗನ್ನು ಬಿಡದೆ ಹಿಡಿದು ಒಳಗೆ ಹೊರಟಳು. ಬಾಗಿಲಲ್ಲಿ ನರ್ಸ್ ಬಿಡಿಸಬೇಕಾಯಿತು.

ಎಡಗಡೆ. ಸಣ್ಣ ಮಚ್ಚೆ.

ಬೇಗ ಬಂದಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಮಗಳನ್ನೂ ಪರೀಕ್ಷೆ ಮಾಡಿದರು, ಅವಳಿಗೆ ಏನೂ ಇರಲಿಲ್ಲ. ದೇವರು ದೊಡ್ಡವನು. ಗಂಗಳಿಗೆ ಈಗ ಇಂಜೆಕ್ಷನ್ ನಡೆಯುತ್ತಿದೆ. ಜ್ವರ ಇಳಿದಿದೆ. ನಾನು ಇನ್ನೂ ಮಾತ್ರೆ ನುಂಗುತ್ತಿದ್ದೇನೆ, ಮುಂದಿನ ಫಿಲ್ಮ್ ಏನು ಹೇಳುವುದೋ ಗೊತ್ತಿಲ್ಲ. ಇಬ್ಬರೂ ಸಂಪೂರ್ಣ ಗುಣವಾದೆವೆಂದು ಬರೆಯುವಷ್ಟು ಧೈರ್ಯ ನನಗಿಲ್ಲ. ಬಸ್ಸಿಗೆ ಹೋಗುವಾಗ ಈಗ ಕೈ ಹಿಡಿಯುವವಳು ನಾನು.

ಒಂದು ಮಾತು ಮಾತ್ರ ಎದೆಯಲ್ಲಿ ಕೂತಿತ್ತು. ಮೊನ್ನೆ ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದಾಗ ಕೇಳಿಯೇಬಿಟ್ಟೆ.

"ನಿಂಗೆ ಇದು ನನ್ನಿಂದಲೇ ಬಂತು, ಅಲ್ವೇನೇ?"

ಗಂಗ ನನ್ನ ಕಡೆ ತಿರುಗಿ, ಮಗುವಿಗೆ ಹೇಳುವ ಹಾಗೆ ಹೇಳಿದಳು.

"ಥೂ, ಏನ್ ಮಾತಾಡ್ತೀಯ! ನಿಂದು ಒಣ ಕೆಮ್ಮಿನ ಜಾತಿ, ನಂದು ಕಫದ ಜಾತಿ. ನಿಂಗೆ ಬಲಗಡೆ, ನಂಗೆ ಎಡಗಡೆ. ಅದರಿಂದ ಇದು ಹುಟ್ಟೋದೇ ಇಲ್ಲ ಕಣೇ. ನಂಗೆ ಬಂದಿದ್ದು ಒದ್ದೆ ತಲೇಲಿ ಮಲಗಿದ್ದಕ್ಕೆ."

ನರ್ಸ್ ಅವಳ ಹೆಸರು ಕೂಗಿದರು. ಅವಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೂಂ ಕಣೇ" ಅಂದೆ. "ಹಂಗೇ ಇರ್ಬೇಕು."