ಹಿಟ್ಟಿನ ಡಬ್ಬಿಯಲ್ಲಿದ್ದ ಫೋನು

ಟ್ರಂಕಿನ ತಳದಲ್ಲಿ ಹಳೆಯ ಬಟನ್ ಫೋನು ಸಿಕ್ಕಿತು. ಚಾಲೂ ಆಗಲಿಲ್ಲ. ಗುಂಡಿಗಳ ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟು ಕೂತಿತ್ತು. ಪಿನ್ನಿನಿಂದ ಕೆದಕಿ ತೆಗೆಯಲು ಹೋದವಳು ಕೈ ಹಿಂದೆಳೆದುಕೊಂಡೆ. ಅದು ಬಾಜು ಮನೆಯ ದೊಡ್ಡವ್ವನ ಹಿಟ್ಟು...

ಸಂಶಿಯಲ್ಲಿ ನಮ್ಮ ಮನೆ, ಅವಳ ಮನೆ ಗೋಡೆಗೆ ಗೋಡೆ. ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿದು ಮಾರಿ ಬದುಕಿದವಳು. ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ಎಲ್ಲರ ಹಾಗೆ ಅವಳೂ ಮನೆಯ ಗಂಡಸಿನ ನಂಬರು, ಅಂದರೆ ಮೈದುನನ ನಂಬರು ಕೊಟ್ಟಿದ್ದಳು. ಎಟಿಎಂ ಕಾರ್ಡೂ ಅವನ ಹತ್ತಿರವೇ. ಕಣ್ಣಿನ ಪೊರೆ ತೆಗೆಸಲು ದುಡ್ಡು ಬೇಕೆಂದು ಹೋದಾಗ ಖಾತೆ ಖಾಲಿ. ತೆಗೆದಾಗಲೆಲ್ಲ ಮೆಸೇಜು ಬಂದಿತ್ತು, ತೆಗೆದವನ ಫೋನಿಗೇ! ದೊಡ್ಡವ್ವ ಅಳಲಿಲ್ಲ. ರೊಟ್ಟಿಯ ದುಡ್ಡಿನಲ್ಲಿ ಒಂದು ಫೋನು ಕೊಂಡು, ಮೈದುನನ ಕಣ್ಣಿಗೆ ಬೀಳದಂತೆ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು. ಖಾತೆಯ ನಂಬರು ಬದಲಿಸಿಯೇ ಸೈ ಎಂದು ಹಟ ತೊಟ್ಟಿದ್ದಳು.

ಅದೇ ಹೊತ್ತಿಗೆ ನನಗೆ ನರ್ಸಿಂಗ್ ಸೀಟು ಸಿಕ್ಕಿತು. ವಿದ್ಯಾರ್ಥಿವೇತನ ಬರಲು ಖಾತೆ ಬೇಕಿತ್ತು. ಆ ದುಡ್ಡು ಕೈಗೆ ಬಾರದಿದ್ದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು. ಟಂಟಂ ಓಡಿಸುತ್ತಿದ್ದ ಅಣ್ಣನಿಗಂತೂ ಹುಡುಗಿಯ ಓದಿಗಿಂತ ಗಾಡಿಯ ಟೈರು ಮುಖ್ಯ. ನಾನೂ ದೊಡ್ಡವ್ವನೂ ಕೂಡಿಯೇ ಬ್ಯಾಂಕಿಗೆ ಹೋದೆವು.

ಫಾರ್ಮ್ ತುಂಬುತ್ತ ನಾನು, ರೂಢಿಯಂತೆ, ಅಣ್ಣನ ನಂಬರು ಬರೆದೆ. ದೊಡ್ಡವ್ವನಿಗೆ ಅಕ್ಷರ ಬಾರದು, ಅಂಕಿ ಬರುತ್ತಿತ್ತು. ಕಾಗದವನ್ನು ಒಳ್ಳೆಯ ಕಣ್ಣಿಗೆ ಹತ್ತಿರ ಹಿಡಿದಳು.

"ಇದು ನಿಮ್ಮಣ್ಣನ ಟಂಟಂ ಹಿಂದ ಬರದದ್ದಲ್ಲೇನ ಬೇ?"

"ಹೂಂ ದೊಡ್ಡವ್ವ. ನನ್ನ ಕಡೆ ಫೋನ್ ಎಲ್ಲೈತಿ?"

ಫಾರ್ಮನ್ನು ನಾಲ್ಕು ಚೂರು ಮಾಡಿದಳು. ಕ್ಲರ್ಕ್ ಸಿಡುಕಿದ: "ಯಾರದರ ನಂಬರ್ ಇರ್ಲಿ ಬಿಡವಾ, ಏನಾಕ್ಕೈತಿ?"

"ಏನಾಕ್ಕೈತಿ ಅಂತ ನನ್ನ ಕೇಳ್ರಿ ಸಾಹೇಬ್ರ. ಆಕಿ ರೊಕ್ಕದ ಸುದ್ದಿ ಆಕಿಗೇ ಬರಬೇಕ್ರಿ."

ಅಷ್ಟಕ್ಕೇ ಬಿಡಲಿಲ್ಲ. ಖಾತೆಯಲ್ಲಿ ಕಡಿಮೆಯೆಂದರೆ ಎಷ್ಟಿರಬೇಕು, ಇರದಿದ್ದರೆ ಎಷ್ಟು ಮುರಿದುಕೊಳ್ಳುತ್ತೀರಿ, ಕಾರ್ಡಿಗೆ ವರ್ಷಕ್ಕೆಷ್ಟು ಎಂದು ಒಂದೊಂದಾಗಿ ಕೇಳಿದಳು. ಹೊಸ ಫಾರ್ಮಿಗೆ ನಾನು ಓದದೇ ಸಹಿ ಮಾಡಲು ಹೋದರೆ ಮೊಣಕೈಯಿಂದ ತಿವಿದಳು. ಪಾಳಿಯಲ್ಲಿದ್ದವರು ನಗುತ್ತಿದ್ದರು. ನನಗೆ ನಾಚಿಕೆಯಾಗಿತ್ತು... ಆ ನಾಚಿಕೆಗೆ ಈಗ ನಾಚಿಕೆಯಾಗುತ್ತದೆ.

ಹೊರಗೆ ಬಂದವಳೇ ಸೆರಗಿನ ಗಂಟು ಬಿಚ್ಚಿ ಫೋನು ನನ್ನ ಕೈಯಲ್ಲಿಟ್ಟಳು. "ನಿನ್ನ ಹೆಸರಿಲೆ ಸಿಮ್ ತಗೋ. ನಾಳಿ ಬಂದು ಖಾತಿ ತಗಸೂಣು."

"ಮತ್ತ ನಿಂದು?"

"ನನ್ನ ಖಾತಿಯಾಗ ಈಗ ಏನೈತಿ, ಅಂವ ತಗ್ಯಾಕ? ನೀ ನೌಕರಿ ಹಿಡಿ. ಆಮ್ಯಾಲೆ ನನಗೊಂದು ಕೊಡಸೀಯಂತ."

ಮರುದಿನ ಖಾತೆ ಆಯಿತು. ಮೊದಲ ಮೆಸೇಜು ಬಂದಾಗ ಓಡಿ ಹೋಗಿ ಓದಿ ಹೇಳಿದೆ. ಬಡಿಯುತ್ತಿದ್ದ ರೊಟ್ಟಿ ಬಿಟ್ಟು, ಹಿಟ್ಟಿನ ಕೈಯಲ್ಲೇ ಫೋನು ಇಸಿದುಕೊಂಡು ಬಹಳ ಹೊತ್ತು ನೋಡಿದಳು.

ನಾನು ನರ್ಸಾದೆ. ಮೊದಲ ಪಗಾರದಲ್ಲೇ ಅವಳಿಗೆ ಫೋನು ಕೊಂಡೆ. ಆದರೆ ನಂಬರು ಬದಲಿಸಲು ಬ್ಯಾಂಕು ತೆರೆದಿರುವ ದಿನವೇ ಊರಿಗೆ ಹೋಗಬೇಕಿತ್ತು. ರಜೆ ಸಿಗಲಿಲ್ಲ. ಮುಂದಿನ ತಿಂಗಳು ಎಂದೆ, ಹಬ್ಬಕ್ಕೆ ಎಂದೆ... ಹಬ್ಬಕ್ಕೆ ಮೊದಲೇ ದೊಡ್ಡವ್ವ ಹೋಗಿಬಿಟ್ಟಳು. ಅವಳ ಖಾತೆಗೆ ಕೊನೆಯವರೆಗೂ ಮೈದುನನ ನಂಬರೇ ಇತ್ತು. ಇದು ನನ್ನ ತಪ್ಪು. ಯಾರ ಮೇಲೂ ಹಾಕುವುದಿಲ್ಲ.

ನಾನೀಗ ಇರುವುದು ಕಲಘಟಗಿಯಲ್ಲಿ. ಫೋನು ಕೈಯಲ್ಲಿ ಹಿಡಿದು ಕೂತಿದ್ದಾಗಲೇ ನಮ್ಮ ಆಸ್ಪತ್ರೆಯ ಆಯಾ ಬಂದಳು. ಹೊಸ ಖಾತೆಯ ಫಾರ್ಮು, ಸರಿ ಇದೆಯೇ ನೋಡಬೇಕಂತೆ. ನೋಡಿದೆ. ನಂಬರು ಅವಳ ಗಂಡನದು. ನಿನ್ನ ನಂಬರೇ ಬರೆಯಬೇಕು, ಬ್ಯಾಂಕಿನಿಂದ ಬೇರೆ ಫಾರ್ಮು ತಾ ಎಂದೆ.

"ನಾಳಿ ಬ್ಯಾರೆ ತರತೇನ್ರಿ ಅಕ್ಕಾರ, ಈಗ ಬಿಸಲೈತಿ" ಎಂದಳು.

"ನಾಳಿ ಬ್ಯಾಡ" ಎಂದೆ. ಅವಳ ಫಾರ್ಮನ್ನು ನಾಲ್ಕು ಚೂರು ಮಾಡಿ, ಚಪ್ಪಲಿ ಮೆಟ್ಟಿದೆ. "ಈಗಽ ಹೋಗೂಣು, ನಡಿ."